ಕಾದಂಬರಿಯ ಕಿರ್ದಿ, ಕಾದಂಬರಿಯ ಖಾತೆ

ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ಹಳೆಯ ಕಾಲದ ಗುಮಾಸ್ತರು ಎರಡು ಪುಸ್ತಕ ಇಡುತ್ತಿದ್ದರು. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿಯಲ್ಲಿ ವಹಿವಾಟು ನಡೆದ ಕ್ರಮದಲ್ಲೇ ಬರೆದುಕೊಂಡು ಹೋಗುತ್ತಾರೆ: ಬೆಳಿಗ್ಗೆ ಯಾರು ಬಂದರು, ಮಧ್ಯಾಹ್ನ ಯಾರಿಗೆ ಕೊಟ್ಟದ್ದಾಯಿತು, ಸಂಜೆ ಉಳಿದದ್ದೆಷ್ಟು. ಖಾತೆಯಲ್ಲಿ ಅದೇ ವ್ಯವಹಾರ ಆಳಿನ ಹೆಸರಿನ ಕೆಳಗೆ ಬೇರೆಬೇರೆ ಪುಟಗಳಿಗೆ ಹೋಗಿ ಕೂರುತ್ತದೆ. ಕಿರ್ದಿ ಓದಿದರೆ ದಿನ ತಿಳಿಯುತ್ತದೆ, ಖಾತೆ ಓದಿದರೆ ಮನುಷ್ಯ ತಿಳಿಯುತ್ತಾನೆ.

ಕಾದಂಬರಿ ಬರೆಯುವವರಿಗೂ ಈ ಎರಡು ಪುಸ್ತಕ ಬೇಕು. ಓದುಗರ ಕೈಗೆ ಹೋಗುವುದು ಕಿರ್ದಿ. ಒಂದಾದ ಮೇಲೊಂದು ಪುಟ, ಒಂದಾದ ಮೇಲೊಂದು ಘಟನೆ. ಆದರೆ ಬರೆಯುವವರ ಮೇಜಿನ ಮೇಲೆ, ಅಥವಾ ತಲೆಯೊಳಗೆ, ಒಂದು ಖಾತೆ ಇರಲೇಬೇಕು. ಯಾರು ಯಾರಿಗೆ ಏನಾಗಬೇಕು, ಯಾರ ವಯಸ್ಸು ಯಾವ ವರ್ಷದಲ್ಲಿ ಎಷ್ಟು, ಯಾವ ಗುಟ್ಟು ಯಾರಿಗೆ ಗೊತ್ತು. ಈಚೆಗೆ ಬಂದಿರುವ ಕಾದಂಬರಿ ಬರೆಯುವ ತಂತ್ರಾಂಶಗಳೆಲ್ಲ, ಸ್ಕ್ರಿವ್ನರ್ ಇರಲಿ, ವೈರೈಟರ್ ಇರಲಿ, ಅಬ್ಸಿಡಿಯನ್ನಿನಂಥ ಟಿಪ್ಪಣಿ ಸಾಧನಗಳಿರಲಿ, ಮೂಲತಃ ಈ ಖಾತೆ ಪುಸ್ತಕವನ್ನು ಗಣಕಕ್ಕೆ ತಂದವು. ಸಂಡೂರಿನ ಗಣಿ ಊರೊಂದನ್ನು ಕುರಿತು ನಾನು ನಾಲ್ಕು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರ ನೆಪದಲ್ಲಿ ಈ ಸಾಧನಗಳಲ್ಲಿ ಕೆಲವನ್ನು ಬಳಸಿದ್ದೇನೆ. ಅವು ಚೆನ್ನಾಗಿವೆಯೋ ಇಲ್ಲವೋ ಎಂಬುದಕ್ಕಿಂತ, ಅವು ಕಾದಂಬರಿ ಎಂದರೆ ಏನೆಂದು ತಿಳಿದುಕೊಂಡಿವೆ ಎಂಬ ಪ್ರಶ್ನೆ ನನ್ನನ್ನು ಕಾಡಿದೆ. ಒಂದು ಕೃತಿಯನ್ನು ವಿಮರ್ಶಿಸುವಂತೆ ಒಂದು ಸಾಧನವನ್ನೂ ವಿಮರ್ಶಿಸಬಹುದು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವುಗಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಯಂತ್ರ ಮತ್ತು ಕಾದಂಬರಿಯ ನಂಟು ಇಂದಿನದಲ್ಲ. ಮ್ಯಾಥ್ಯೂ ಕಿರ್ಶೆನ್‌ಬಾಮ್ ಎಂಬ ವಿದ್ವಾಂಸ 2016ರಲ್ಲಿ ಪ್ರಕಟಿಸಿದ 'ಟ್ರ್ಯಾಕ್ ಚೇಂಜಸ್' ಎಂಬ ಪುಸ್ತಕದಲ್ಲಿ ಲೆನ್ ಡೈಟನ್ ಎಂಬ ಇಂಗ್ಲಿಷ್ ಕಾದಂಬರಿಕಾರನ ಕತೆ ಬರುತ್ತದೆ. 1968ರಲ್ಲಿ ಡೈಟನ್ ತನ್ನ ಲಂಡನ್ ಮನೆಗೆ ಐಬಿಎಂ ಕಂಪನಿಯ ಭಾರಿ ಯಂತ್ರವೊಂದನ್ನು ತರಿಸಿಕೊಂಡ. ಅದನ್ನು ಒಳಗಿಳಿಸಲು ಮನೆಯ ಕಿಟಕಿಯನ್ನೇ ಕಿತ್ತಿಡಬೇಕಾಯಿತು. ಆ ಯಂತ್ರದ ನೆರವಿನಿಂದ ಬಂದ 'ಬಾಂಬರ್' ಕಾದಂಬರಿ 1970ರಲ್ಲಿ ಹೊರಬಿತ್ತು. ಒಂದೇ ಒಂದು ದಿನ, ಒಂದೇ ಒಂದು ವಿಮಾನ ದಾಳಿ, ಮೇಲೆ ಹಾರುವವರು, ಕೆಳಗೆ ಸಾಯುವವರು, ಬಹುಸಂಖ್ಯೆಯ ಪಾತ್ರಗಳು. ಅಂಥ ಕಾದಂಬರಿಗೆ ಅಂಥ ಯಂತ್ರ ಬೇಕಿತ್ತು. ಗಮನಿಸಬೇಕಾದ ಇನ್ನೊಂದು ಸಂಗತಿ, ಆ ಯಂತ್ರದ ಮುಂದೆ ಕೂತು ಕೆಲಸ ಮಾಡಿದವರು ಡೈಟನ್ನನ ಸಹಾಯಕಿ ಎಲೆನಾರ್ ಹ್ಯಾಂಡ್ಲಿ. ಈ ಮಾತಿಗೆ ಮತ್ತೆ ಬರುತ್ತೇನೆ.

ನನ್ನ ಕಾದಂಬರಿಗೂ ಇಂಥ ನೆರವು ಸಿಕ್ಕಿದೆ. ಸಂಡೂರಿನ ಕತೆಗೆ ವರ್ಷಗಳು ಬಹಳ ಮುಖ್ಯ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ರಸ್ತೆ ತುಂಬ ಲಾರಿಗಳಾದ ಕಾಲ ಬೇರೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲಿನ ಕಾಲ ಬೇರೆ. 2003ರಲ್ಲಿ ಹುಟ್ಟಿದ ಮಗು ಲಾರಿಗಳ ಸದ್ದಿನಲ್ಲೇ ಮಾತು ಕಲಿತಿದೆ. ಆ ಸದ್ದು ನಿಂತಾಗ ಅದಕ್ಕೆ ಎಂಟು ವರ್ಷ. ಮೌನವೇ ಆ ಮಗುವಿಗೆ ಹೊಸ ಅನುಭವ. ಘಟನೆಗಳನ್ನು ವರ್ಷದ ಗೆರೆಯ ಮೇಲೆ ಸಾಲಾಗಿ ಕೂರಿಸುವ ಸಾಧನ ಕಣ್ಣ ಮುಂದಿದ್ದಾಗ ಇಂಥ ಸಂಗತಿ ತಾನಾಗಿ ಹೊಳೆಯುತ್ತದೆ. ದೃಶ್ಯಗಳನ್ನು ಚೀಟಿಗಳಂತೆ ಹಲಗೆಯ ಮೇಲೆ ಅಂಟಿಸಿ ಅತ್ತಿತ್ತ ಸರಿಸಿ ನೋಡುವ ಸೌಕರ್ಯವೂ ಸಣ್ಣದಲ್ಲ.

ಸಂಡೂರಿನಲ್ಲೇ ಹುಟ್ಟಿ, ವರ್ಷಗಟ್ಟಲೆ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು, ಅದನ್ನು ಬಿಟ್ಟು ಪೂರ್ತಿ ಬರವಣಿಗೆಗೆ ಬಂದವರು ವಸುಧೇಂದ್ರ. ಅವರ 'ತೇಜೋ-ತುಂಗಭದ್ರಾ' (2019) ಈ ಬಗೆಯ ಲೆಕ್ಕಾಚಾರ ಎಷ್ಟು ಬೇಕೆಂಬುದಕ್ಕೆ ಒಳ್ಳೆಯ ಉದಾಹರಣೆ. ಒಂದು ದಡದಲ್ಲಿ ಲಿಸ್ಬನ್, ಇನ್ನೊಂದು ದಡದಲ್ಲಿ ವಿಜಯನಗರ, ನಡುವೆ 1510ರಲ್ಲಿ ಪೋರ್ಚುಗೀಸರ ವಶವಾದ ಗೋವೆ. ಲಿಸ್ಬನ್ನಿನಲ್ಲಿ ಕಳೆಯುವ ವರ್ಷ ತುಂಗಭದ್ರೆಯ ದಂಡೆಯಲ್ಲೂ ಕಳೆಯಬೇಕು. ಹಡಗು ಗಾಳಿಯ ಕಾಲ ನೋಡಿಯೇ ಹೊರಡಬೇಕು. ಅವರು ಅದನ್ನು ಯಾವುದರಲ್ಲಿ ಬರೆದರೆಂಬುದು ಇಲ್ಲಿ ಮುಖ್ಯವಲ್ಲ. ಆ ಕೃತಿಯ ಹಿಂದೆ ಒಂದು ಅಚ್ಚುಕಟ್ಟಾದ ಖಾತೆ ಇದೆ ಎಂಬುದು ಓದುವಾಗಲೇ ತಿಳಿಯುತ್ತದೆ, ಮತ್ತು ಅದು ಓದಿಗೆ ಅಡ್ಡ ಬರುವುದಿಲ್ಲ.

ಇನ್ನು ತಕರಾರು. ಸ್ಕ್ರಿವ್ನರ್‌ನಲ್ಲಿ ಕಾದಂಬರಿಯ ಮಾದರಿ ತೆರೆದರೆ ಪ್ರತಿ ಪಾತ್ರಕ್ಕೂ ಒಂದು ನಮೂನೆ ಸಿಗುತ್ತದೆ. ಕತೆಯಲ್ಲಿ ಪಾತ್ರವೇನು, ಉದ್ಯೋಗ, ಮೈಕಟ್ಟು, ಸ್ವಭಾವ, ಹವ್ಯಾಸ, ಹಿನ್ನೆಲೆ, ಒಳಗಿನ ಸಂಘರ್ಷ, ಹೊರಗಿನ ಸಂಘರ್ಷ ಎಂದು ಅದು ಕೇಳುತ್ತದೆ. ವೈರೈಟರ್ ಪ್ರತಿ ದೃಶ್ಯಕ್ಕೂ ಗುರಿ, ಸಂಘರ್ಷ, ಫಲಿತಾಂಶ ಎಂಬ ಮೂರು ಖಾನೆ ಕೊಡುತ್ತದೆ. ನೋಡಲು ನಿರಪಾಯಕಾರಿ ಪ್ರಶ್ನೆಗಳು. ಆದರೆ ಇವುಗಳ ಹಿಂದೆ ಒಂದು ಕಥನಶಾಸ್ತ್ರವೇ ಇದೆ. ಮನುಷ್ಯನೆಂದರೆ ಒಬ್ಬಂಟಿ, ಅವನಿಗೊಂದು ಆಸೆ, ಆ ಆಸೆಗೊಂದು ಅಡ್ಡಿ, ಆ ಅಡ್ಡಿಯನ್ನು ದಾಟುವುದೋ ಸೋಲುವುದೋ ಕತೆ ಎಂಬುದು ಆ ಶಾಸ್ತ್ರ. ಹಾಲಿವುಡ್ಡಿನ ಚಿತ್ರಕತೆಗೆ ಇದು ಸಾಕು. 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಹುಲಿಯನ ಹೆಸರಿನಲ್ಲಿ ಈ ನಮೂನೆ ತುಂಬಿ ನೋಡಿ. ಹುಲಿಯ ಗುತ್ತಿಯ ನಾಯಿ. ಉದ್ಯೋಗ? ಒಳಗಿನ ಸಂಘರ್ಷ? ಕತೆಯಲ್ಲಿ ಪಾತ್ರವೇನು? ತುಂಬಿದ ಹೊಳೆಯಲ್ಲಿ ಅದು ಕೊಚ್ಚಿಕೊಂಡು ಹೋಗುವಾಗ ಓದುಗರ ಎದೆಯಲ್ಲಿ ಆಗುವುದನ್ನು ಈ ಖಾನೆಗಳಲ್ಲಿ ಯಾವುದೂ ಹಿಡಿಯಲಾರದು. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ನೋಟದಲ್ಲಿ ನಿಂತ ಕಾದಂಬರಿಯನ್ನು, ಮೊದಲ ಪ್ರಶ್ನೆಯಲ್ಲೇ 'ಇವನು ಮುಖ್ಯನೋ ಅಲ್ಲವೋ' ಎಂದು ಕೇಳುವ ನಮೂನೆ ಅರ್ಥಮಾಡಿಕೊಳ್ಳಲಾರದು.

ನಮ್ಮ ಜಿಲ್ಲೆಯವರೇ ಆದ ಕುಂ. ವೀರಭದ್ರಪ್ಪನವರ 'ಅರಮನೆ' 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅಲ್ಲಿ ಥಾಮಸ್ ಮನ್ರೋನಂಥ ಚರಿತ್ರೆಯ ಕಲೆಕ್ಟರನೂ ಊರಿನ ಹೆಸರಿಲ್ಲದ ಜನರೂ ಒಂದೇ ಉಸಿರಿನಲ್ಲಿ ಬಂದುಹೋಗುತ್ತಾರೆ. ಮಾತಿನ ಹರಿವೇ ಅದರ ಕಟ್ಟಡ. ಇಲ್ಲಿಗೆ ಒಂದು ದೃಶ್ಯ ಮುಗಿಯಿತು, ಇನ್ನು ಮುಂದಿನ ಚೀಟಿ ಎಂದು ಅದನ್ನು ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ಚೂರು ಮಾತ್ರ.

ನಮೂನೆಯನ್ನು ಬದಲಾಯಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಖಂಡಿತ ಬದಲಾಯಿಸಬಹುದು. ಎಲ್ಲ ಖಾನೆಗಳನ್ನೂ ಅಳಿಸಿ ನಮ್ಮವನ್ನು ಹಾಕಿಕೊಳ್ಳಲು ಈ ಸಾಧನಗಳು ಅಡ್ಡಿ ಮಾಡುವುದಿಲ್ಲ. ಆದರೆ ಹೊಸದಾಗಿ ಬರೆಯಲು ಕೂತ ಇಪ್ಪತ್ತು ವರ್ಷದ ಹುಡುಗಿಗೆ, ಮೊದಲು ಕಣ್ಣಿಗೆ ಬಿದ್ದ ಖಾನೆಯೇ ಸಾಹಿತ್ಯದ ನಿಯಮವಾಗಿ ಕಾಣುತ್ತದೆ. ಖಾಲಿ ಹಾಳೆ ಏನನ್ನೂ ಕೇಳುವುದಿಲ್ಲ. ನಮೂನೆ ಕೇಳುತ್ತದೆ, ಮತ್ತು ತಾನು ಕೇಳಿದ್ದಕ್ಕೆ ಮಾತ್ರ ಉತ್ತರ ಪಡೆಯುತ್ತದೆ.

ನನ್ನ ಕಾದಂಬರಿಯ ಹುಲಿಗೆಮ್ಮನನ್ನೇ ತೆಗೆದುಕೊಳ್ಳಿ. ತವರಿನಲ್ಲಿ ಅವಳು ಹುಲ್ಗಿ. ಗಂಡನ ಮನೆಯಲ್ಲಿ ಅವಳ ಹೆಸರನ್ನು ಯಾರೂ ಹಿಡಿಯುವುದಿಲ್ಲ, ಅವಳು 'ಕಂಪ್ಲಿಯಾಕಿ'. ಅವಳ ಚಹಾ ಅಂಗಡಿಗೆ ಬರುವ ಲಾರಿ ಡ್ರೈವರುಗಳಿಗೆ ಅಕ್ಕ. ರೇಷನ್ ಕಾರ್ಡಿನಲ್ಲಿ ಮಾತ್ರ ಹುಲಿಗೆಮ್ಮ. ಈ ನಾಲ್ಕು ಹೆಸರಿನ ನಡುವೆಯೇ ಅವಳ ಬದುಕಿದೆ. ಒಬ್ಬ ಡ್ರೈವರ್ ಒಂದು ದಿನ ಅಕ್ಕ ಎನ್ನುವುದನ್ನು ಬಿಟ್ಟು ಹುಲಿಗೆಮ್ಮ ಎಂದು ಕರೆದರೆ ಅದೇ ಒಂದು ಘಟನೆ. ಇಂಗ್ಲಿಷ್ ನಮೂನೆಗಳಲ್ಲಿ ಅಡ್ಡಹೆಸರಿಗೆ ಒಂದು ಖಾನೆ ಇರುತ್ತದೆ. ಆದರೆ ಯಾರು, ಯಾವಾಗಿನಿಂದ, ಏನೆಂದು ಕರೆಯುತ್ತಾರೆ ಎಂಬುದಕ್ಕೆ ಜಾಗವಿಲ್ಲ. ಕನ್ನಡದ ಕತೆಗಳಲ್ಲಿ ಅರ್ಧ ನಾಟಕ ನಡೆಯುವುದೇ ಅಲ್ಲಿ.

ಭಾಷೆಯ ತೊಡಕು ಇನ್ನೂ ಕೆಳಗಿನ ಮಟ್ಟದಲ್ಲಿದೆ. 'ಗೌಡ್ರು' ಎಂದು ಹುಡುಕಿದರೆ 'ಗೌಡ್ರಿಗೆ', 'ಗೌಡ್ರನ್ನ' ಸಿಗುವುದಿಲ್ಲ. 'ಮೇಷ್ಟ್ರು' ಎಂದರೆ 'ಮೇಷ್ಟ್ರಿಂದ' ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯ ಬಂದಾಗ ನಮ್ಮ ಪದದ ಬಾಲವೇ ಬದಲಾಗುತ್ತದೆ, ಹುಡುಕುವ ಸಾಧನಕ್ಕೆ ಅದರ ಅರಿವಿಲ್ಲ. ಪದಗಳ ಲೆಕ್ಕವೂ ಹಾಗೆಯೇ. ನವೆಂಬರ್ ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಮುಗಿಸುವ ಅಮೆರಿಕದ ಪಂಥವೊಂದು 1999ರಿಂದ ಲೋಕದ ಹಲವು ಕಡೆ ಹಬ್ಬಿತ್ತು; ದಿನದ ಗುರಿ ತೋರಿಸುವ ಪಟ್ಟಿ ಈ ತಂತ್ರಾಂಶಗಳಲ್ಲಿ ಸಾಮಾನ್ಯ. ನಾವು 'ಹೋಗಬೇಕಾಗಿತ್ತಂತೆ' ಎಂದು ಒಂದೇ ಪದದಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿನವರು ಐದಾರು ಪದ ಬಳಸುತ್ತಾರೆ. ಅವರ ಗುರಿಯನ್ನು ನಾವು ತಲುಪಲು ಹೊರಟರೆ ಕತೆಗೆ ನೀರು ಬೆರೆಸಬೇಕಾಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಚಿಂತೆಗೆ ಹಚ್ಚಿದ್ದು ಆಡುಮಾತಿನ ಗತಿ. ಇವತ್ತು ನಮ್ಮ ಕಡೆಯ ಹೊಸ ಕತೆಗಾರರು ಹೆಚ್ಚಾಗಿ ಬರೆಯುವುದು ಮೊಬೈಲಿನಲ್ಲಿ. ಕೀಲಿಮಣೆ ಮುಂದಿನ ಪದವನ್ನು ತಾನೇ ಸೂಚಿಸುತ್ತದೆ. 'ಏನ್ ಮಾಡಾಕತ್ತಿ' ಎಂದು ಬರೆಯಲು ಹೊರಟರೆ ಅದು 'ಏನು ಮಾಡುತ್ತಿದ್ದೀಯ' ಕಡೆಗೆ ಎಳೆಯುತ್ತದೆ. 'ಹೊಂಟಾನ' ಎಂಬುದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ದಿನಕ್ಕೆ ನೂರು ಸಲ ಕೆಂಪು ಗೆರೆ ನೋಡಿದವರು ನೂರಾ ಒಂದನೇ ಸಲ ಪತ್ರಿಕೆಯ ಕನ್ನಡಕ್ಕೆ ಶರಣಾಗುತ್ತಾರೆ. ಹೊಸಪೇಟೆಯ ಸಂತೆಯಲ್ಲಿ ಒಂದೇ ಜಗಳದೊಳಗೆ ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಬಂದುಹೋಗುತ್ತವೆ. ಆ ಜಗಳವನ್ನು ಬರೆಯುವವರಿಗೆ ಇಡೀ ಪುಟವೇ ತಪ್ಪೆಂದು ಸಾಧನ ಹೇಳಿದರೆ, ಸೋಲುವುದು ಸಾಧನವಲ್ಲ.

ಇದೆಲ್ಲ ಹೊರಗಿನಿಂದ ಬಂದ ಸಾಧನಗಳ ಮಾತಾಯಿತು. ನಮ್ಮವು? ಇಲ್ಲಿ ಒಂದು ಹೆಮ್ಮೆಯ ಅಧ್ಯಾಯವಿದೆ. ಕಿನ್ನಿಕಂಬಳ ಪದ್ಮನಾಭ ರಾಯರು, ನಮಗೆಲ್ಲ ಕೆ.ಪಿ. ರಾವ್, ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಂದ ಹಿಡಿದು ಮೂಲೆಯ ಡಿಟಿಪಿ ಅಂಗಡಿಯವರೆಗೆ ಹಬ್ಬಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು' ಎಂಬ ಹೆಸರಿನ ತಂತ್ರಾಂಶವನ್ನು ಹೊರತಂದಿತು. ಅದರ ಹಿಂದೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆ ಇತ್ತು. ಕನ್ನಡಕ್ಕೆ ಸಾಧನ ಒದಗಿಸುವುದು ಸಾಹಿತ್ಯದ ಕೆಲಸವೇ ಎಂದು ತೀರಿಕೊಳ್ಳುವವರೆಗೂ ನಂಬಿದ್ದ ಕಾದಂಬರಿಕಾರ ಅವರು. ತಂದೆಯ ಹೆಸರಿನ ಆ ತಂತ್ರಾಂಶ ಇಂದು ಬಳಕೆಯಲ್ಲಿ ಕಾಣುವುದಿಲ್ಲ, ಆದರೆ ಒಬ್ಬ ಲೇಖಕ ಅಕ್ಷರದ ಯಂತ್ರದ ಬಗ್ಗೆ ತಲೆಕೆಡಿಸಿಕೊಂಡದ್ದು ದೊಡ್ಡ ಮಾತು.

ಆ ಪೀಳಿಗೆಯ ಸಾಧನಗಳ ಮಿತಿ ಬಿಚ್ಚಿ ಹೇಳಬೇಕು. ಯೂನಿಕೋಡ್ ನೆಲೆಯೂರುವ ಮೊದಲು ಕನ್ನಡ ಅಕ್ಷರಕ್ಕೆ ಗಣಕದಲ್ಲಿ ತನ್ನದೇ ಜಾಗವಿರಲಿಲ್ಲ. ಅಕ್ಷರದ ತುಂಡುಗಳನ್ನು, ತಲಕಟ್ಟು ಒಂದು ಕಡೆ, ಒತ್ತು ಒಂದು ಕಡೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಕನ್ನಡದಂತೆ ತೋರಿಸುತ್ತಿದ್ದರು. ಕಣ್ಣಿಗೆ ಕನ್ನಡ, ಗಣಕಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಆ ಫಾಂಟ್ ಇರುವವರೆಗೆ ಸರಿ. ಫಾಂಟ್ ಹೋದ ದಿನ ಕಾದಂಬರಿಯೂ ಹೋಯಿತು.

ನನಗೆ ಪರಿಚಯದ ಹಿರಿಯ ಕತೆಗಾರರೊಬ್ಬರು ತೀರಿಕೊಂಡ ಮೇಲೆ ಅವರ ಮಗಳು ಒಂದು ಸಿಡಿ, ಎರಡು ಪೆನ್ ಡ್ರೈವ್ ಮತ್ತು ಉದ್ದನೆಯ ಒಂದು ನೋಟ್‌ಬುಕ್ ತಂದುಕೊಟ್ಟರು. ಅರ್ಧಕ್ಕೆ ನಿಂತ ಕಾದಂಬರಿಯದು. ಎಷ್ಟೋ ಕನ್ನಡ ಲೇಖಕರಂತೆ ಅವರೂ ಕೈಯಲ್ಲಿ ಬರೆದು ಡಿಟಿಪಿ ಅಂಗಡಿಗೆ ಕೊಡುತ್ತಿದ್ದರು. ಟೈಪಾದ ಮೇಲೆ ಹಾಳೆಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಡೈಟನ್ನನಿಗೆ ಎಲೆನಾರ್ ಹ್ಯಾಂಡ್ಲಿ ಇದ್ದಂತೆ ಕನ್ನಡದ ಎಷ್ಟೋ ಲೇಖಕರಿಗೆ ಡಿಟಿಪಿ ಮಾಡುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರು. ಯಾವ ಅಧ್ಯಾಯ ಯಾವ ಕಡತದಲ್ಲಿದೆ, ಎರಡನೇ ಪ್ರೂಫಿನ ತಿದ್ದುಪಡಿ ಸೇರಿದೆಯೋ ಇಲ್ಲವೋ, ಎಲ್ಲ ಅವರ ತಲೆಯಲ್ಲಿ. ನಮ್ಮ ನಿಜವಾದ ಬರವಣಿಗೆಯ ತಂತ್ರಾಂಶ ಅವರೇ ಆಗಿದ್ದರು, ಯಾವ ಪುಸ್ತಕದ ಅರಿಕೆಯಲ್ಲೂ ಅವರಿಗೆ ಒಂದು ಸಾಲಿಗಿಂತ ಹೆಚ್ಚು ಸಿಗಲಿಲ್ಲ. ಈ ಕತೆಗಾರರ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು.

ಕಡತ ತೆರೆದರೆ ಚಿಹ್ನೆಗಳ ಸಾಲು. ಪರಿವರ್ತಕಗಳಿವೆ, ಅವುಗಳಲ್ಲಿ ಹಾಕಿದೆವು. ಮುಕ್ಕಾಲು ಪಾಲು ಕನ್ನಡವಾಗಿ ಬಂತು. ಉಳಿದ ಕಾಲು ಪಾಲಿನಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು, ಒತ್ತುಗಳು ಕಳಚಿದ್ದವು. ಪತ್ರಿಕೆಯ ಕನ್ನಡವಾಗಿದ್ದರೆ ತಿದ್ದಬಹುದಿತ್ತು. ಅವರು ಬರೆದದ್ದು ಇಲ್ಲಿಯ ಮಾತಿನಲ್ಲಿ. ಒಂದು ಕಡೆ 'ಹೊಂಟಾನ', ಇನ್ನೊಂದು ಕಡೆ 'ಹೊಂಟ್ಯಾನ'. ಎರಡನೆಯದರ ಯಕಾರದ ಒತ್ತು ಇನ್ನೊಂದು ಕೇರಿಯ ಉಚ್ಚಾರವನ್ನು ಅವರ ಕಿವಿ ಹಿಡಿದದ್ದೋ, ಪರಿವರ್ತಕದ ಕೈವಾಡವೋ? ಹೇಳಬಲ್ಲವರು ಇಲ್ಲ. ಆಡುಮಾತಿನ ಲೇಖಕನ ಕೃತಿಯಲ್ಲಿ ತಪ್ಪು ಮತ್ತು ಸೊಗಸು ಪಕ್ಕಪಕ್ಕದ ಮನೆಯಲ್ಲಿರುತ್ತವೆ. ಯಂತ್ರ ನಡುವಿನ ಗೋಡೆ ಕೆಡವಿದರೆ ಮತ್ತೆ ಕಟ್ಟುವುದು ಹೇಗೆ?

ನೋಟ್‌ಬುಕ್ ಮಾತ್ರ ಪೂರ್ತಿ ಉಳಿದಿತ್ತು. ಅದು ಅವರ ಖಾತೆ ಪುಸ್ತಕ. ತಮಾಷೆಯೆಂದರೆ ಅಲ್ಲಿ ಪಾತ್ರಕ್ಕೊಂದು ಪುಟವಿರಲಿಲ್ಲ, ಮನೆಗೊಂದು ಪುಟವಿತ್ತು. ಪುಟದ ಮೇಲೆ ಮನೆತನದ ಹೆಸರು. ಕೆಳಗೆ ಆ ಮನೆಯಲ್ಲಿ ಯಾರ್ಯಾರು, ಯಾವ ಮನೆಗೆ ಹೆಣ್ಣು ಕೊಟ್ಟಿದ್ದಾರೆ, ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರಿಗೆ ಎಷ್ಟು ಸಾಲ, ಕಾಲುವೆ ನೀರಿನ ಸರದಿ ಯಾವಾಗ. ಬಸವಣ್ಣ ಕಾಲುವೆ, ರಾಯ ಕಾಲುವೆಗಳ ನೀರು ವಿಜಯನಗರದ ಕಾಲದಿಂದ ಹರಿಯುತ್ತಿರುವ ಊರುಗಳಲ್ಲಿ, ಮನೆಗೂ ಮನೆಗೂ ನಡುವಿನ ಪ್ರೀತಿ ಮತ್ತು ಹಗೆ ನೀರಿನ ಸರದಿಯಲ್ಲೇ ಇರುತ್ತದೆ. ಗುರಿ, ಸಂಘರ್ಷ, ಫಲಿತಾಂಶ ಎಂಬ ಮಾತು ಎಲ್ಲೂ ಇಲ್ಲ. ಆದರೆ ಆ ಪುಟಗಳನ್ನು ಓದಿದರೆ ಮುಂದಿನ ಜಗಳ ಯಾವ ಮನೆಯಿಂದ ಎದ್ದೀತು ಎಂದು ಯಾರಾದರೂ ಹೇಳಬಹುದು. ನಾನು ಬಳಸುವ ತಂತ್ರಾಂಶದಲ್ಲಿ ಈಗ ಪಾತ್ರದ ನಮೂನೆಯನ್ನು ತೆಗೆದು ಮನೆಯ ನಮೂನೆ ಮಾಡಿಕೊಂಡಿದ್ದೇನೆ. ಇದು ಅವರಿಂದ ಬಂದದ್ದು.

ಕಂಪ್ಲಿಯ ಹೆಸರು ಹೇಳಿದ ಮೇಲೆ ಕುಮಾರರಾಮನನ್ನು ಬಿಡಲಾಗದು. 1327ರ ಸುಮಾರಿಗೆ ದೆಹಲಿಯ ಸೈನ್ಯದ ಎದುರು ಕಂಪಿಲರಾಯನ ರಾಜ್ಯ ಬಿತ್ತು. ಅವನ ಮಗನ ಕತೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ, ಪಾಂಚಾಳ ಗಂಗನೂ ಬರೆದ, ಊರೂರಿನ ಹಾಡುಗಾರರು ತಮ್ಮತಮ್ಮ ಬಗೆಯಲ್ಲಿ ಹಾಡಿದರು. ಮಲತಾಯಿ ರತ್ನಾಜಿಯ ಮೋಹ, ತಲೆ ತೆಗೆಯುವ ಆಜ್ಞೆ, ಮಂತ್ರಿ ಬೈಚಪ್ಪ ಬೇರೆ ತಲೆ ತೋರಿಸಿ ರಾಮನನ್ನು ಬಚ್ಚಿಟ್ಟದ್ದು: ಕತೆಯ ಎಲುಬು ಒಂದೇ, ಹೇಳಿಕೆಗಳು ಹಲವು. ಸ್ಕ್ರಿವ್ನರ್ ಹಳೆಯ ಕರಡಿನ ಪಡಿಯಚ್ಚನ್ನು ತೆಗೆದಿಡುತ್ತದೆ. ಹೊಸದು ಬಂದ ಮೇಲೆ ಹಳೆಯದು ಬರೀ ದಾಖಲೆ. ಕುಮಾರರಾಮನ ಪರಂಪರೆಯಲ್ಲಿ ಯಾವ ಹೇಳಿಕೆಯೂ ಕರಡಲ್ಲ. ಅವು ಉಳಿದದ್ದು ತಾಳೆಗರಿಯಲ್ಲಿ, ಕಾಗದದಲ್ಲಿ, ನಾಲಗೆಯ ಮೇಲೆ.

ಈ ಮಾತು ನನ್ನನ್ನು ಮತ್ತೆ ಹಂಪಿಗೇ ಕರೆತರುತ್ತದೆ. 1991ರಲ್ಲಿ ಶುರುವಾದ ಅದೇ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರ ವಿಭಾಗವಿದೆ. ಶತಮಾನಗಳ ಹಿಂದಿನ ಓಲೆಯನ್ನು ಎಣ್ಣೆ ಹಚ್ಚಿ, ಮಸಿ ತುಂಬಿ ಓದುವ ವಿದ್ಯೆ ನಮಗೆ ಗೊತ್ತು. ಇಪ್ಪತ್ತೈದು ವರ್ಷದ ಹಿಂದಿನ ಕನ್ನಡ ಕಡತವನ್ನು ಓದುವ ವಿದ್ಯೆ ನಮಗೆ ಅರೆಬರೆ ಗೊತ್ತು. 1990ರಿಂದ 2010ರವರೆಗೆ ಬರೆದವರ ಕರಡುಗಳು, ಕೈಬಿಟ್ಟ ಅಧ್ಯಾಯಗಳು, ಪ್ರಕಟವಾಗದ ಕತೆಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಸಿಡಿಗಳಾಗಿ ಕೂತಿವೆ. ಅಚ್ಚಾದ ಪುಸ್ತಕ ಉಳಿಯುತ್ತದೆ. ಅದು ಹೇಗೆ ಆಯಿತು ಎಂಬುದು ಉಳಿಯುವುದಿಲ್ಲ.

ಹಾಗಾಗಿ ಹೊಸಬರು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದಾಗ ನಾನು ಹೆಸರು ಹೇಳುವುದಿಲ್ಲ, ಮೂರು ಪ್ರಶ್ನೆ ಹೇಳುತ್ತೇನೆ. ನೀವು ಬರೆದದ್ದು ಸಾದಾ ಯೂನಿಕೋಡ್ ಪಠ್ಯವಾಗಿ, ಆ ತಂತ್ರಾಂಶವಿಲ್ಲದೆಯೂ ತೆರೆಯುತ್ತದೆಯೇ? ಅದರ ಖಾನೆಗಳನ್ನು ಅಳಿಸಿ ನಿಮ್ಮ ಊರಿನ ಖಾನೆ ಹಾಕಿಕೊಳ್ಳಬಹುದೇ? ನಿಮ್ಮ ಅವ್ವನ ಮಾತಿನ ಕೆಳಗೆ ಎಳೆಯುವ ಕೆಂಪು ಗೆರೆಯನ್ನು ನಿಲ್ಲಿಸಬಹುದೇ? ಮೂರಕ್ಕೂ ಹೌದು ಎಂದಾದರೆ ಯಾವುದನ್ನು ಬೇಕಾದರೂ ಬಳಸಿ. ಇಲ್ಲವಾದರೆ ಎರಡು ನೋಟ್‌ಬುಕ್ ಸಾಕು.

ಪ್ರಕಾಶಕರಲ್ಲೂ ಒಂದು ಕೋರಿಕೆ. ಪುಟವಿನ್ಯಾಸ ಮುಗಿದ ಮೇಲೆ ಪಿಡಿಎಫ್ ಜೊತೆಗೆ ಯೂನಿಕೋಡ್ ಪಠ್ಯದ ಒಂದು ಪ್ರತಿಯನ್ನು ಲೇಖಕರಿಗೆ ಕೊಡಿ. ಆ ಹಿರಿಯ ಕತೆಗಾರರ ಕಾದಂಬರಿಯ ಅರ್ಧವನ್ನು ನಾವು ಇಬ್ಬರು ಮೂವರು ಸೇರಿ ಸಾಲು ಸಾಲಾಗಿ ಓದಿ ಹೊಂದಿಸುತ್ತಿದ್ದೇವೆ. ಅನುಮಾನವಿರುವ ಪದಗಳನ್ನು ತಿದ್ದದೆ, ಪಕ್ಕದಲ್ಲಿ ಗುರುತು ಮಾತ್ರ ಹಾಕುತ್ತಿದ್ದೇವೆ. ನೂರಾ ಹನ್ನೆರಡನೇ ಪುಟಕ್ಕೆ ಬಂದಿದ್ದೇವೆ, 'ಹೊಂಟ್ಯಾನ' ಅಲ್ಲೇ ಇದೆ.